ಲೇಬಲ್ಲಿನ ಕೆಳಗೆ

ಹೊಲಿಗೆಯವಳು ಹೊಸ ಅಂಗಿಯ ಕಾಲರಿನಿಂದ ಪರದೇಶದ ಲೇಬಲ್ಲನ್ನು ಬ್ಲೇಡಿನಲ್ಲಿ ಬಿಡಿಸಿದರೆ, ಅದರಡಿ ಇನ್ನೊಂದು ದೇಶದ ಲೇಬಲ್ಲಿತ್ತು. ಅದನ್ನೂ ಬಿಡಿಸಿದಳು. ಮತ್ತೊಂದು.

"ನಾನು ಈ ಊರು ದಾಟಿಲ್ಲ. ಇದು ನೋಡಿ, ಲೋಕವೆಲ್ಲ ಸುತ್ತಿ ಬಂದಿದೆ," ಎಂದು ನಕ್ಕಳು.

ಮೇಸ್ತ್ರಿ ನಗಲಿಲ್ಲ. "ಯಾವ ದೇಶದ ಮಾಲಿಗೆ ಸುಂಕ ಕಮ್ಮಿಯೋ, ಅಂಗಿ ಆ ದೇಶದ್ದಾಗತ್ತೆ ಕಣಮ್ಮ. ಈ ವರ್ಷ ನಮ್ಮ ಸರದಿ. ನಾಲ್ಕಕ್ಕೆ ತಪಾಸಣೆಯವರು ಬರ್ತಾರೆ. ಹಳೇ ಲೇಬಲ್ಲೊಂದು ಕಣ್ಣಿಗೆ ಬಿದ್ರೂ ಫ್ಯಾಕ್ಟರಿಗೆ ಬೀಗ."

ಯಾರೂ ಒಮ್ಮೆಯೂ ತೊಡದ ಅಂಗಿ, ಮಡಿಕೆಯ ಗೆರೆಗಳಲ್ಲೇ ಹಳದಿಯಾಗಿತ್ತು. ಐದನೆಯ ಲೇಬಲ್ಲು, ಎಲ್ಲಕ್ಕಿಂತ ಕೆಳಗಿನದು, ಈ ದೇಶದ್ದೇ. ಅದರ ಹೊಲಿಗೆಯ ಕೊನೆಯ ಗಂಟು ಎಡಕ್ಕೆ ತಿರುಗಿತ್ತು. ಅವಳ ಕೈ ಅಲ್ಲೇ ನಿಂತಿತು. ಇದೇ ಸ್ಟೂಲಿನ ಮೇಲೆ ಕೂತು ಎಡಗೈಯಲ್ಲಿ ಹಾಗೆ ಗಂಟು ಹಾಕುತ್ತಿದ್ದದ್ದು ಅವಳ ಅಮ್ಮ. ಎಷ್ಟು ಬೈಸಿಕೊಂಡರೂ ಕತ್ತರಿ ಮುಟ್ಟದೆ ದಾರವನ್ನು ಹಲ್ಲಿನಲ್ಲೇ ಕಚ್ಚಿ ಹರಿಯುತ್ತಿದ್ದಳು. ಅಮ್ಮ ಹೋಗಿ ಹನ್ನೊಂದು ವರ್ಷ.

"ಇದು ನಮ್ಮದೇ ಅಲ್ವಾ ಅಣ್ಣ, ಇರಲಿ ಬಿಡಿ."

"ಅಕ್ಷರವೇ ಕಾಣಲ್ಲ. ತೆಗೆದು ಹೊಸದು ಹಾಕು," ಎಂದು ಮೇಸ್ತ್ರಿ ಮುಂದಿನ ಸಾಲಿಗೆ ಹೋದ.

ಬ್ಲೇಡು ಗಂಟಿಗೆ ತಾಗಿದ್ದೇ ತಡ, ಯಾರೋ ಆ ಕಡೆಯಿಂದ ಬಿಟ್ಟುಕೊಟ್ಟ ಹಾಗೆ ಹೊಲಿಗೆ ತಾನಾಗಿ ಸಡಿಲವಾಯಿತು. ಹೊಸ ಲೇಬಲ್ಲನ್ನು ಕಾಲರಿನ ಮೇಲಿಟ್ಟು, ಸೂಜಿಗೆ ದಾರ ಪೋಣಿಸಲು ಬೆಳಕಿನತ್ತ ತಿರುಗಿದಳು. ಪೋಣಿಸಿ ಇತ್ತ ನೋಡಿದರೆ ಲೇಬಲ್ಲು ಆಗಲೇ ಕಾಲರಿಗೆ ಹೊಲಿದು ಕೂತಿತ್ತು.

ಗಂಟು ಎಡಕ್ಕೆ ತಿರುಗಿತ್ತು. ಬೆರಳಾಡಿಸಿದಳು. ಕಚ್ಚಿ ಹರಿದ ದಾರದ ತುದಿ ಇನ್ನೂ ಒದ್ದೆಯಾಗಿತ್ತು.