ನಾಲ್ಕನೇ ಬಟ್ಟಲು

ನಾಯಿಗಳಿಗೆ ಡಬ್ಬಿ ಆಹಾರ ತಯಾರಿಸುವ ಆ ಕಾರ್ಖಾನೆಯಲ್ಲಿ ಪರೀಕ್ಷಾಧಿಕಾರಿಯ ಮೂಗೆಂದರೆ ಮೂಗು. ಅವರು ಸಹಿ ಹಾಕದೆ ಒಂದು ಡಬ್ಬಿಯೂ ಗೇಟು ದಾಟುತ್ತಿರಲಿಲ್ಲ. ಯಾವ ಮಾದರಿಯೇ ಬರಲಿ, ಅದನ್ನು ನುಣ್ಣಗೆ ರುಬ್ಬಿ, ಬಟ್ಟಲಿಗೆ ಬರೀ ನಂಬರು ಅಂಟಿಸಿ ಅವರ ಮುಂದಿಡುವುದು ಅಲ್ಲಿನ ಕ್ರಮ.

ಆ ಮಧ್ಯಾಹ್ನ ಅವರು ಮನೆಯಿಂದ ತಂದ ಕ್ಯಾರಿಯರನ್ನು ಪಕ್ಕಕ್ಕಿಟ್ಟು ಕೂತರು. ಮೊದಲ ಮೂರು ಬಟ್ಟಲುಗಳನ್ನು ಮೂಸಿ, ಚಮಚದ ತುದಿಯಿಂದ ನಾಲಿಗೆಗೆ ಮುಟ್ಟಿಸಿ, “ಕೋಳಿ ಲಿವರ್ ತಾಜಾ ಇದೆ, ಕ್ಯಾರೆಟ್ ಹದವಾಗಿ ಬೆಂದಿದೆ” ಎಂದು ತಲೆದೂಗಿದರು. ನಾಲ್ಕನೆಯದಕ್ಕೆ ಮುಖ ಕಿವುಚಿದರು.

“ಥೂ! ಏನಮ್ಮ ಇದು? ಮುಗ್ಗಲು ಅಕ್ಕಿ, ಬೇಳೆ ಅನ್ನೋದು ಹೆಸರಿಗೂ ಇಲ್ಲ, ಎಣ್ಣೆ ಕಮಟು ಹೊಡೀತಿದೆ. ಯಾವ ಪಾಪಿ ಮಾಡಿದ್ದು?”

“ಹೊಸಾ ಕಂಟ್ರಾಕ್ಟರು, ಸಾ,” ಎಂದಳು ಸಹಾಯಕಿ ಚೌಡಮ್ಮ.

“ಅವನಿಗೆ ನಾಚಿಕೆ ಅನ್ನೋದು ಬೇಡ್ವಾ? ಬೀದಿನಾಯಿ ಕೂಡ ಇದನ್ನ ಮೂಸಿ ನೋಡಲ್ಲ!”

“ಬಾಯಲ್ಲಿ ಅಂದ್ರೆ ಯಾರೂ ಕೇಳಾಕಿಲ್ಲ, ಸಾ. ಬರ್ದು ಕೊಡಿ.”

‘ನಾಯಿಗಳು ತಿನ್ನಲು ಯೋಗ್ಯವಲ್ಲ’ ಎಂದು ಕೆಂಪು ಶಾಯಿಯಲ್ಲಿ ಗೀಚಿ, ಸಹಿ ಮಾಡಿ, ಮೊಹರು ಒತ್ತಿ ಹಾಳೆಯನ್ನು ಅವಳತ್ತ ಎಸೆದರು. ಚೌಡಮ್ಮ ಅದನ್ನು ಜೋಪಾನವಾಗಿ ಮಡಿಸಿಕೊಂಡು ಬಾಗಿಲ ಕಡೆ ಹೊರಟಳು.

“ಅದನ್ನ ಫೈಲಿಗೆ ಹಾಕೋದು ಬಿಟ್ಟು ಎಲ್ಲಿಗೆ ತಗೊಂಡು ಹೋಗ್ತಿದೀಯ?”

“ಯೂನಿಯನ್ ಆಫೀಸಿಗೆ, ಸಾ. ಆ ಬಟ್ಟಲಲ್ಲಿರೋದು ನಮ್ಮ ಕ್ಯಾಂಟೀನಿನ ಇವತ್ತಿನ ಊಟ.”