ಅಡ್ಡ ನಿಂತ ಬೀರು

"ಸಿಗ್ನಲ್ ಜೋರಾಗಿ ಬಿಡೋ! ಬೆಳಿಗ್ಗೆಯಿಂದ ಊಟ ಮಾಡಿಲ್ವಾ?" ಎಂದು ಹರಾಜಣ್ಣ ಹೊರಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದ ವೈಫೈ ಪೆಟ್ಟಿಗೆಯನ್ನು ಗದರಿಸಿದ. ಪೆಟ್ಟಿಗೆ ಹಸಿರು ದೀಪ ಮಿಟುಕಿಸುತ್ತಾ ತನ್ನ ಪಾಡಿಗೆ ತಾನಿತ್ತು.

ಜೀವನವಿಡೀ ಹರಾಜು ಕೂಗಿದ ಗಂಟಲು ಅವನದು. ಕಟ್ಟೆಯ ಮೇಲೆ ನಿಂತು "ಒಂದು ಸಲ" ಅಂದರೆ ಸಾಕು, ಆಚೆ ಬೀದಿಯ ನಾಯಿಗಳೂ ಬೊಗಳುತ್ತಿದ್ದವು. ಈಗ ಹರಾಜುಕಟ್ಟೆಯ ಮಾಲೀಕ ಹರಾಜನ್ನು ಆನ್‌ಲೈನ್ ಮಾಡಿದ್ದ. "ಮನೆಯಿಂದಲೇ ಕೂಗಿ ನೋಡೋಣ. ಇವತ್ತು ಸರಿಹೋದ್ರೆ ಕೆಲಸ ನಿಮ್ಮದೇ. ಇಲ್ಲಾಂದ್ರೆ ಕಂಪ್ಯೂಟರ್ ದನಿ ಹಾಕಿಬಿಡ್ತೀವಿ" ಎಂದಿದ್ದ. ಕಂಪ್ಯೂಟರ್ ದನಿಯಂತೆ! ಗಂಟಲೇ ಇಲ್ಲದ್ದು ಕೂಗುವುದೆಂದರೇನು? ಸಾಮಾನೆಲ್ಲ ಒಳಕೋಣೆಯಲ್ಲಿ ಜೋಡಿಸಿ, ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ನೋಡಿದರೆ ಅಲ್ಲಿಗೆ ಸಿಗ್ನಲ್ಲೇ ಇಲ್ಲ.

ಕಿಟಕಿಗೆ ಆತುಕೊಂಡು ವೈಫೈ ಕಂಪನಿಗೆ ಫೋನ್ ಮಾಡಿದ. "ಅಮ್ಮಾ, ನಿಮ್ಮ ಪೆಟ್ಟಿಗೆ ಪಿಸುಗುಡ್ತಾ ಇದೆ. ಅದರ ಗಂಟಲು ಸ್ವಲ್ಪ ದೊಡ್ಡದು ಮಾಡಿ!"

"ಅದಕ್ಕೆ ಸರ್ಕಾರದ್ದೇ ಮಿತಿ ಇದೆ ಸಾರ್," ಎಂದಳು ಆಚೆಯ ಹುಡುಗಿ, ಫೋನನ್ನು ಕಿವಿಯಿಂದ ದೂರ ಹಿಡಿದವಳಂತೆ. "ಎಲ್ಲರ ಮನೆ ಪೆಟ್ಟಿಗೇನೂ ಕಿರುಚಿದ್ರೆ ಯಾರದ್ದೂ ಯಾರಿಗೂ ಕೇಳಲ್ಲ. ಅದೂ ಅಲ್ಲದೆ, ಅದು ಕಿರುಚಿ ಏನು ಬಂತು? ನಿಮ್ಮ ಫೋನು ಮೆತ್ತಗೆ ಕೊಡೋ ಉತ್ತರ ಅದಕ್ಕೆ ಕೇಳಬೇಕಲ್ಲ! ಮಧ್ಯೆ ಕಬ್ಬಿಣ, ಕನ್ನಡಿ ಏನಾದ್ರೂ ಅಡ್ಡ ಇದೆಯಾ ನೋಡಿ. ತೆಗೀರಿ, ಇಲ್ಲ ಪೆಟ್ಟಿಗೇನ ಎತ್ತರದಲ್ಲಿಡಿ."

"ಬೀರು," ಎಂದಳು ಹೆಂಡತಿ ಹಿಂದಿನಿಂದ, ಮೆತ್ತಗೆ.

"ಏನಂದೆ?"

ಕಬ್ಬಿಣವೂ ಅದೇ, ಕನ್ನಡಿಯೂ ಅದೇ. ಯಾವುದೋ ಹರಾಜಿನಲ್ಲಿ ಯಾರೂ ಕೇಳದೆ ಉಳಿದ ಆ ಬೀರುವನ್ನು "ಪಾಪ" ಎಂದು ಹರಾಜಣ್ಣ ತಾನೇ ಕೊಂಡು ತಂದಿದ್ದ. ಒಳಕೋಣೆಯ ಬಾಗಿಲಿಗೆ ಅರ್ಧ ಅಡ್ಡವಾಗಿ ನಿಂತ ಅದನ್ನು ದಾಟಲು ಹೆಂಡತಿ ಇಷ್ಟು ವರ್ಷವೂ ಓರೆಯಾಗಿಯೇ ನಡೆದಿದ್ದಳು. "ಮಾರಿಬಿಡಿ" ಎಂದು ಅವಳು ಹೇಳುವುದೆಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಅವನದು ಒಂದೇ ಉತ್ತರ: "ಏನಂದೆ?"

ಇಬ್ಬರೂ ಸೇರಿ ನೂಕಿದರು. ಬೀರು ಜಪ್ಪಯ್ಯ ಎಂದರೂ ಕದಲಲಿಲ್ಲ. ಪೆಟ್ಟಿಗೆಯನ್ನು ಅದರ ತಲೆಯ ಮೇಲಿಡೋಣವೆಂದರೆ ವೈರು ಒಂದು ಗೇಣು ಸಾಲದು. ಹರಾಜಿನ ಹೊತ್ತಾಯಿತು. ಹೆಂಡತಿ ನಿಟ್ಟುಸಿರು ಬಿಟ್ಟು, ಬೀರುವಿನ ಹಿಂದೆ ಸ್ಟೂಲ್ ಹಾಕಿ ಹತ್ತಿ, ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ಹಿಡಿದಳು. ಫೋನಿನಲ್ಲಿ ಮುಖಗಳು ಪಟಪಟನೆ ಮೂಡಿದವು.

ಹರಾಜಣ್ಣನಿಗೆ ಹೋದ ಜೀವ ಬಂತು. ಗಡಿಯಾರ ಹೋಯಿತು, ತೂಗುಕುರ್ಚಿ ಹೋಯಿತು, ಬಾಯಿ ಮುರಿದ ಹೂಜಿಯೂ ಹೋಯಿತು. ಮೂಲೆಯಲ್ಲಿ ಮಾಲೀಕನ ಮುಖ ನಗುತ್ತಿತ್ತು.

"ರೀ, ಕೈ ನೋಯ್ತಿದೆ. ಬೀರು ಮಾರ್ತೀರಾ?"

"ಏನಂದೆ?"

ಪೆಟ್ಟಿಗೆ ಮೆಲ್ಲಗೆ ಕೆಳಗಿಳಿಯಿತು. ಫೋನಿನಲ್ಲಿ ಮಾಲೀಕನ ನಗು ಬಾಯಿ ತೆರೆದದ್ದು ತೆರೆದಂತೆಯೇ ನಿಂತುಹೋಯಿತು.

"ಅಯ್ಯಯ್ಯೋ, ಎತ್ತೇ ತಾಯಿ! ಹೊಟ್ಟೆಪಾಡು ಕಣೇ!"

"ಬೀರು ಅಂದೆ."

"ಕೇಳಿಸ್ತು ಕಣೇ, ಕೇಳಿಸ್ತು! ಮಾರ್ತೀನಿ!"

ಪೆಟ್ಟಿಗೆ ಮೇಲೇರಿತು. ಮಾಲೀಕನ ಬಾಯಿ ಮುಚ್ಚಿತು.

ಹರಾಜಣ್ಣ ಮನಸ್ಸು ಕಲ್ಲು ಮಾಡಿಕೊಂಡು ಫೋನನ್ನು ಬೀರುವಿನ ಕಡೆ ತಿರುಗಿಸಿದ. "ಇದು ಕೊನೇ ಸಾಮಾನು. ಗಟ್ಟಿ ಕಬ್ಬಿಣ. ಕಳ್ಳ ಹಾಗಿರಲಿ, ಸಿಗ್ನಲ್ಲೂ ಒಳಗೆ ಹೋಗಲ್ಲ!"

"ಮೇಲಿರೋ ಬೊಂಬೆನೂ ಸೇರಿನಾ?" ಎಂದು ಒಬ್ಬ ಅಜ್ಜ ಫೋನಿನೊಳಗಿಂದ ಕೇಳಿದ. ಬೀರುವಿನ ಮೇಲೆ ಹೆಂಡತಿಯ ತಲೆ, ಅದರ ಮೇಲೆ ಮಿಣುಕುವ ಪೆಟ್ಟಿಗೆ ಎಲ್ಲರಿಗೂ ಕಾಣುತ್ತಿತ್ತು.

"ಬೊಂಬೆ ಮಾರೋದಲ್ಲ ಸ್ವಾಮಿ, ಅದು ಮನೆಯದು!"

ಆದರೂ ಅಜ್ಜ ಬೀರುವಿಗೆ ಒಂದು ಬೆಲೆ ಹೇಳಿದ. ಬೇರೆ ಯಾರೂ ಬೆಲೆ ಏರಿಸಲಿಲ್ಲ.

"ಒಂದು ಸಲ," ಎಂದ ಹರಾಜಣ್ಣ. ದನಿ ಮೆತ್ತಗಿತ್ತು. "ಎರಡು ಸಲ..." ಅಲ್ಲಿಗೆ ನಿಲ್ಲಿಸಿದ. ಕೆಮ್ಮಿದ. ನೀರು ಕುಡಿದ. ಬೀರುವಿನ ಹಿಡಿಯನ್ನು ಒಮ್ಮೆ ಸವರಿದ. ಮತ್ತೆ "ಎರಡು ಸಲ..." ಎಂದೇ ಎಳೆದ.

"ಮೂರು ಸಲ!"

ಕೂಗು ಬಂದದ್ದು ಸ್ಟೂಲಿನ ಮೇಲಿಂದ. ಬೀರುವಿನ ಕನ್ನಡಿ ಗಡಗಡ ನಡುಗಿತು. ಆಚೆ ಬೀದಿಯಲ್ಲಿ ನಾಯಿಗಳೆಲ್ಲ ಒಟ್ಟಿಗೇ ಬೊಗಳತೊಡಗಿದವು.

ಮಾಲೀಕ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದ. "ಅಣ್ಣಾ, ಆ ಗಂಟಲು ಯಾರದ್ದು? ನಾಳೆಯಿಂದ ಅವರನ್ನೇ ಕೂಗೋದಕ್ಕೆ ಕೂರಿಸ್ತೀರಾ?"

"ಏನಂದ್ರಿ?" ಎಂದ ಹರಾಜಣ್ಣ.