ಕಬ್ಬಿಣದ ಹಣೆ

ಸೊಂಟದ ಸುರಕ್ಷಾ ಹಗ್ಗದ ಹುಕ್ಕನ್ನು ಛಾವಣಿಗೆ ಬಿಗಿದ ಆಂಕರಿಗೆ ಸಿಕ್ಕಿಸಲು ಬಗ್ಗಿದ ನಿಜಗುಣನ ಕೈ ಅಲ್ಲೇ ನಿಂತಿತು. ಆಂಕರಿನ ಬೋಲ್ಟಿನ ಮೇಲೆ ಬಿಳಿ ಬಣ್ಣದ ಮೂರು ಗೆರೆಗಳಿದ್ದವು. ನಟ್ಟು ಬಿಗಿ ಮಾಡಿದ ಮೇಲೆ ನಟ್ಟಿನಿಂದ ಕೆಳಗಿನ ತಗಡಿನವರೆಗೆ ಒಂದು ಗೆರೆ ಎಳೆಯುವುದು ಟವರ್ ಕೆಲಸದವರ ರೂಢಿ. ನಟ್ಟು ಸಡಿಲಾದರೆ ಗೆರೆ ಮುರಿದು ಕಾಣುತ್ತದೆ. ವಿಭೂತಿಯ ಹಾಗೆ ಮೂರು ಎಳೆಯುತ್ತಿದ್ದವನು ಬಸಲಿಂಗನೊಬ್ಬನೇ. "ಕಬ್ಬಿಣಕ್ಕೂ ಹಣಿ ಇರತೈತೋ," ಎನ್ನುತ್ತಿದ್ದ. ಕಳೆದ ಚಳಿಗಾಲ, ಇನ್ಯಾರೋ ಹಾಕಿದ್ದ ಆಂಕರನ್ನು ನಂಬಿ, ಈ ಪರದೇಶದ ಊರು ಸ್ಕಾರ್‌ಬರೋದಲ್ಲೇ ಬಿದ್ದು ಸತ್ತ.

"ಹುಕ್ ಹಾಕ್ರಿ ಅಣ್ಣಾ, ಆ್ಯಂಟೆನಾ ಫ್ರೇಮ್ ಚೆಕ್ ಮಾಡೋದೈತಿ," ಎಂದಳು ಹಿಂದೆ ನಿಂತಿದ್ದ ನೇತ್ರಾ. ಅವಳು ಕೆಲಸಕ್ಕೆ ಹೊಸಬಳು.

ನಿಜಗುಣ ಮಂಡಿಯೂರಿ ನೋಡಿದ. ಮೂರೂ ಗೆರೆಗಳು ನಟ್ಟಿನ ಅಂಚಿಗೆ ಬಂದು ಮುರಿದಿದ್ದವು. ಬೆರಳು ತಾಗಿಸಿದ್ದೇ ತಡ, ನಟ್ಟು ಸಲೀಸಾಗಿ ತಿರುಗಿತು. ಎರಡು ಹೆಜ್ಜೆ ಆಚೆಗೆ ಕಟ್ಟಡದ ಅಂಚು.

"ಉಳಿಸಿದ್ಯೋ ಬಸ್ಯಾ," ಎಂದು ಬೆರಳನ್ನು ಕಣ್ಣಿಗೊತ್ತಿಕೊಂಡ. "ನಮ್ಮ ಬಸಲಿಂಗನ ಗುರ್ತ ಐತವಾ ಇದು. ಅವ ಸತ್ತು ವರ್ಷ ಆಗಾಕ ಬಂತು."

ನೇತ್ರಾ ಗೆರೆಗಳನ್ನೇ ನೋಡುತ್ತ ನಿಂತಳು.

"ಹೆಂಗಾಗತೈತ್ರಿ ಅಣ್ಣಾ? ಈ ಆಂಕರ್ ಹಾಕಿದ್ದೇ ಹೋದ ವಾರ."